ಸಹಾಯಧನ ಯಾರ ಖಾತೆಗೆ ಹೋಗುತ್ತದೆ?

ಮುಂಗಾರು ಶುರುವಾಗುತ್ತಿದ್ದಂತೆ ಈ ಅಂಕಣದ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರತೊಡಗುತ್ತದೆ. ‘ರೈತರಿಗೆ ಅಂತ ಸರ್ಕಾರ ಸಾವಿರಾರು ಕೋಟಿ ಕೊಡುತ್ತದಲ್ಲ, ಅದು ಯಾರಿಗೆ ಹೋಗುತ್ತದೆ? ನಮ್ಮ ಕೈಗಂತೂ ಬಂದಿಲ್ಲ’ ಎಂದು ಹಳ್ಳಿಯವರು ಬರೆಯುತ್ತಾರೆ. ‘ಇಷ್ಟೆಲ್ಲ ಕೊಟ್ಟ ಮೇಲೂ ರೈತ ಸಾಲದಲ್ಲೇ ಇರುವುದೇಕೆ?’ ಎಂದು ಪಟ್ಟಣದವರು ಕೇಳುತ್ತಾರೆ. ಕೇಳುವವರು ಬೇರೆಯಾದರೂ ಉತ್ತರ ಒಂದೇ ಜಾಗದಲ್ಲಿದೆ. ಹಣ ಹೊರಡುವುದೂ ನಿಜ, ತಲುಪುವುದೂ ನಿಜ. ಆದರೆ ಆ ಹಣ ಹುಡುಕಿಕೊಂಡು ಹೋಗುವುದು ಉಳುವವನನ್ನಲ್ಲ, ಪಹಣಿಯಲ್ಲಿ ಹೆಸರಿರುವವನನ್ನು. ಅಲ್ಲಿಂದಾಚೆಗೆ ನೀರಿರುವವನನ್ನು, ಕೈಯಲ್ಲಿ ಮೊದಲೇ ದುಡ್ಡಿರುವವನನ್ನು. ಇದನ್ನು ಒಂದು ಜಿಲ್ಲೆಯನ್ನು ಮುಂದಿಟ್ಟುಕೊಂಡು ಬಿಡಿಸಿ ಹೇಳುತ್ತೇನೆ.

ನಾನು ಬಹಳ ತಿರುಗಾಡಿರುವ ಕೊಪ್ಪಳವನ್ನೇ ತೆಗೆದುಕೊಳ್ಳೋಣ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಚಿಕ್ಕ ಜಿಲ್ಲೆ ಇದು. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಯಿಂದ ಹೊರಡುವ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ ಸೀಮೆಯನ್ನು ಭತ್ತದ ಕಣಜ ಮಾಡಿದೆ. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಮಳೆಯನ್ನೇ ನಂಬಿದ ಸಜ್ಜೆ, ಜೋಳ, ಹೆಸರು, ಕಡಲೆಯ ಹೊಲಗಳು. ಒಬ್ಬರೇ ಜಿಲ್ಲಾಧಿಕಾರಿ, ಒಂದೇ ಕೃಷಿ ಇಲಾಖೆ, ಯೋಜನೆಗಳೂ ಅವೇ. ಆದರೂ ಗದ್ದೆಯವನಿಗೆ ಸಿಗುವುದಕ್ಕೂ ಒಣಬೇಸಾಯದವನಿಗೆ ಸಿಗುವುದಕ್ಕೂ ಅಜಗಜಾಂತರ.

ಎಲ್ಲರಿಗೂ ಗೊತ್ತಿರುವ ಯೋಜನೆಯಿಂದಲೇ ಆರಂಭಿಸೋಣ. ಪಿಎಂ ಕಿಸಾನ್ 2019ರ ಫೆಬ್ರುವರಿಯಲ್ಲಿ ಶುರುವಾಯಿತು. ಎರಡು ಸಾವಿರದ ಮೂರು ಕಂತಿನಲ್ಲಿ ವರ್ಷಕ್ಕೆ 6,000 ರೂಪಾಯಿ ನೇರ ಬ್ಯಾಂಕ್ ಖಾತೆಗೆ. ಮೊದಲು ಎರಡು ಹೆಕ್ಟೇರ್‌ವರೆಗೆ ಜಮೀನಿದ್ದವರಿಗೆ ಮಾತ್ರ ಇತ್ತು. ಆರು ತಿಂಗಳೊಳಗೆ ಆ ಮಿತಿ ತೆಗೆದುಹಾಕಿ ಜಮೀನಿರುವ ಎಲ್ಲ ಕುಟುಂಬಗಳಿಗೂ ವಿಸ್ತರಿಸಿದರು. ಆದಾಯ ತೆರಿಗೆ ಕಟ್ಟುವವರು, ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚು ಪಿಂಚಣಿ ಪಡೆಯುವ ನಿವೃತ್ತರು, ವೃತ್ತಿಯಲ್ಲಿರುವ ವೈದ್ಯರು, ವಕೀಲರು, ಎಂಜಿನಿಯರುಗಳು, ಸಾಂವಿಧಾನಿಕ ಹುದ್ದೆಯಲ್ಲಿರುವವರು ಪಟ್ಟಿಯಿಂದ ಹೊರಗೆ. ಕರ್ನಾಟಕ ಸರ್ಕಾರ 2019ರಲ್ಲಿ ಇದಕ್ಕೆ ತನ್ನ ಕಡೆಯಿಂದ 4,000 ರೂಪಾಯಿ ಸೇರಿಸಿತ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಆ ಭಾಗ ನಿಂತಿತು. ಒಂದು ಎಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ಅದೇ ಆರು ಸಾವಿರ. ಸಣ್ಣ ರೈತನಿಗೆ ಬಿತ್ತನೆ ಹೊತ್ತಿಗೆ ಒಂದು ಕಂತು ಬಂದರೆ ಬೀಜಕ್ಕೋ ಗಳೆ ಬಾಡಿಗೆಗೋ ಆಗುತ್ತದೆ. ಮಧ್ಯವರ್ತಿಯ ಕೈ ಸೋಕದೆ ಬರುವ ಆ ಹಣದ ಬೆಲೆಯನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ.

ಆದರೆ ಈ ಯೋಜನೆಯ ಬಾಗಿಲಲ್ಲೇ ಒಂದು ಕಾಗದ ಕೇಳುತ್ತಾರೆ: ಪಹಣಿ, ಕೊಪ್ಪಳದವರ ಬಾಯಲ್ಲಿ ಉತಾರ. ಅದರ ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರಿರುತ್ತದೆ, ಹನ್ನೆರಡನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು ಮತ್ತು ಬೆಳೆ ಇರಬೇಕು. ಸಹಾಯಧನದ ಲೋಕದಲ್ಲಿ ನಡೆಯುವುದು ಒಂಬತ್ತನೇ ಕಾಲಂ ಮಾತ್ರ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ್ದು ದೇಶಕ್ಕೇ ಮಾದರಿಯಾದ ಕೆಲಸ. ಈಗ ಅದರ ಮೇಲೆ ‘ಫ್ರೂಟ್ಸ್’ ಎಂಬ ನೋಂದಣಿ ನಿಂತಿದೆ. ಆಧಾರ್, ಬ್ಯಾಂಕ್ ಖಾತೆ, ಸರ್ವೆ ನಂಬರ್ ಮೂರನ್ನೂ ಜೋಡಿಸಿ ಒಬ್ಬ ರೈತನಿಗೆ ಒಂದು ಗುರುತಿನ ಸಂಖ್ಯೆ ಕೊಡುತ್ತಾರೆ. ರಿಯಾಯಿತಿ ಬೀಜ, ತಾಡಪತ್ರಿ, ಸ್ಪ್ರಿಂಕ್ಲರ್ ಪೈಪು, ಬೆಂಬಲ ಬೆಲೆಯ ಖರೀದಿ, ಬೆಳೆ ಪರಿಹಾರ, ಯಾವುದಕ್ಕೂ ಆ ಸಂಖ್ಯೆ ಬೇಕು. ಒಂದೇ ಹೆಸರಿಗೆ ಎರಡು ಸಲ ಕೊಡುವುದು, ಇಲ್ಲದವರ ಹೆಸರಿಗೆ ಬರೆಯುವುದು ಇದರಿಂದ ಬಹಳ ಮಟ್ಟಿಗೆ ತಪ್ಪಿದೆ. ಅದೇ ಹೊತ್ತಿಗೆ ಪಹಣಿಯಲ್ಲಿ ಇಲ್ಲದವರು ಸರ್ಕಾರದ ಕಣ್ಣಿನಿಂದಲೇ ಮರೆಯಾಗಿದ್ದಾರೆ.

ಹಾಗೆ ಮರೆಯಾದವರು ಯಾರು? ಮೊದಲನೆಯವರು, ಅಜ್ಜನ ಹೆಸರಿನಲ್ಲೇ ಇರುವ ಹೊಲವನ್ನು ಉಳುತ್ತಿರುವ ಮೊಮ್ಮಕ್ಕಳು. ತೀರಿಹೋದವರ ಹೆಸರಿನಲ್ಲಿ ಉಳಿದಿರುವ ಪಹಣಿಗಳು ರಾಜ್ಯದಲ್ಲಿ ಲಕ್ಷಗಟ್ಟಲೆ ಇವೆ. ಪೌತಿ ಖಾತೆ ಮಾಡಿಸಬೇಕೆಂದರೆ ವಂಶವೃಕ್ಷ ಬೇಕು, ಮರಣ ಪ್ರಮಾಣಪತ್ರ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅಣ್ಣತಮ್ಮಂದಿರ ಒಪ್ಪಿಗೆ ಬೇಕು. ಎರಡನೆಯವರು ಜಂಟಿ ಖಾತೆಯವರು. ಐದಾರು ಹೆಸರಿರುವ ಪಹಣಿಯಲ್ಲಿ ತನ್ನ ಪಾಲು ಇಷ್ಟೇ ಎಂದು ತೋರಿಸಲಾಗದೆ, ಪಾಲು ಬೇರ್ಪಡಿಸುವ ಪೋಡಿಗೆ ಅರ್ಜಿ ಕೊಟ್ಟು ಸರ್ವೆಯವರ ದಾರಿ ಕಾಯುತ್ತಿರುವವರು. ಮೂರನೆಯವರು ಸರ್ಕಾರಿ ಜಮೀನನ್ನು ಮಂಜೂರಾತಿಯಿಲ್ಲದೆ ಉಳುವ ಬಗರ್‌ಹುಕುಂ ಸಾಗುವಳಿದಾರರು. ನಮೂನೆ 50, 53, 57 ಎಂದು ಅರ್ಜಿಯ ಮೇಲೆ ಅರ್ಜಿ ಹಾಕಿ ದಶಕಗಳಿಂದ ಉಳುತ್ತಿದ್ದರೂ ಹಕ್ಕುಪತ್ರ ಬಾರದವರು. ನಾಲ್ಕನೆಯವರು ಹೊಲವನ್ನು ಲೀಜಿಗೋ ಪಾಲಿಗೋ ಹಿಡಿದು ಮಾಡುವವರು. ಐದನೆಯವರು ಈ ನಾಲ್ಕೂ ಗುಂಪಿನೊಳಗೆ ಇದ್ದು ಲೆಕ್ಕಕ್ಕೆ ಬಾರದ ಹೆಂಗಸರು.

ಹೆಂಗಸರ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗಂಗಾವತಿಯ ಗದ್ದೆಯಲ್ಲಿ ನಾಟಿ ಮಾಡುವವರು ಅವರು, ಕುಷ್ಟಗಿಯ ಹೊಲದಲ್ಲಿ ಕಳೆ ತೆಗೆದು ಸಜ್ಜೆ ತೆನೆ ಮುರಿಯುವವರೂ ಅವರೇ. ದೇಶದ 2015-16ರ ಕೃಷಿ ಗಣತಿಯ ಪ್ರಕಾರ ಹಿಡುವಳಿ ನಡೆಸುವವರಲ್ಲಿ ಹೆಂಗಸರು ಶೇ. 14ರಷ್ಟು ಮಾತ್ರ. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ಕಾನೂನು ಕೇಂದ್ರಕ್ಕಿಂತ ಮೊದಲೇ, 1994ರಲ್ಲೇ ಬಂತು. ಕಾನೂನು ಬಂದರೂ ಉತಾರದಲ್ಲಿ ಅವರ ಹೆಸರು ಬರಲಿಲ್ಲ. ಗಂಡ ಊರು ಬಿಟ್ಟು ಬೆಂಗಳೂರಿನಲ್ಲೋ ಗೋವಾದಲ್ಲೋ ದುಡಿಯುತ್ತಿದ್ದಾಗ ಹೊಲ ನಡೆಸುವವಳು ಹೆಂಡತಿ. ಪಿಎಂ ಕಿಸಾನ್ ಕಂತು ಬಂದ ಸಂದೇಶ ಮಾತ್ರ ಗಂಡನ ಫೋನಿಗೆ. ಇಂಥ ಮನೆಗಳನ್ನು ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇನ್ನು ಲೀಜಿನ ಮಾತು. ಇದನ್ನು ಅರ್ಥ ಮಾಡಿಕೊಳ್ಳಲು 1974ಕ್ಕೆ ಹೋಗಬೇಕು. ದೇವರಾಜ ಅರಸು ಅವರ ಕಾಲದ ಭೂಸುಧಾರಣಾ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿ ರದ್ದಾಯಿತು. ನಮೂನೆ 7 ತುಂಬಿಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು ಲಕ್ಷಾಂತರ ಗೇಣಿದಾರರು ಹೊಲದೊಡೆಯರಾದರು. ನಮ್ಮ ರಾಜ್ಯ ಮಾಡಿದ ದೊಡ್ಡ ಕೆಲಸಗಳಲ್ಲಿ ಅದೂ ಒಂದು. ಅಂದಿನಿಂದ ಸೈನಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದು ಕಾನೂನಿನ ಪ್ರಕಾರ ನಿಷಿದ್ಧ. ಆದರೆ ಬದುಕು ಕಾನೂನಿನ ಪುಟದಲ್ಲಿ ನಿಲ್ಲಲಿಲ್ಲ. ಮಕ್ಕಳು ಪಟ್ಟಣ ಸೇರಿದರು, ತಂದೆತಾಯಿಗೆ ವಯಸ್ಸಾಯಿತು, ಹೊಲ ಬೇರೆಯವರ ಕೈಗೆ ಹೋಯಿತು. ಕಾಲುವೆ ಕೆಳಗೆ ಎಕರೆಗೆ ಇಂತಿಷ್ಟು ಚೀಲ ಭತ್ತವೆಂದೋ ಮುಂಗಡ ರೊಕ್ಕವೆಂದೋ ಲೀಜು, ಒಣ ಭೂಮಿಯಲ್ಲಿ ಪಾಲು. ಎಲ್ಲವೂ ಬಾಯಿಮಾತು. ಬರೆದುಕೊಟ್ಟರೆ ಎಲ್ಲಿ ಜಮೀನು ಕೈಬಿಟ್ಟುಹೋಗುತ್ತದೋ ಎಂಬ ಹೆದರಿಕೆ ಮಾಲೀಕರಲ್ಲಿ ಐವತ್ತು ವರ್ಷ ಕಳೆದರೂ ಹೋಗಿಲ್ಲ. ಹೀಗಾಗಿ ಗೇಣಿದಾರನ ಬಳಿ ತಾನು ರೈತನೆಂದು ತೋರಿಸುವ ಒಂದು ಚೀಟಿಯೂ ಇಲ್ಲ. ಫಸಲ್ ಬಿಮಾ ಯೋಜನೆಯನ್ನೇ ನೋಡಿ. ಮುಂಗಾರಿನ ಆಹಾರ ಬೆಳೆಗೆ ಶೇ. 2ರಷ್ಟು ಮಾತ್ರ ಕಂತು ಕಟ್ಟಿ ಬೆಳೆ ವಿಮೆ ಮಾಡಿಸಬಹುದು, ಗೇಣಿದಾರನೂ ಸೇರಬಹುದೆಂದು ನಿಯಮವೇ ಹೇಳುತ್ತದೆ. ಆದರೆ ಕರಾರುಪತ್ರ ಬೇಕು. ಕಾನೂನು ಒಪ್ಪದ ಕರಾರನ್ನು ಯಾವ ಮಾಲೀಕ ಬರೆದುಕೊಟ್ಟಾನು?

ಇದರ ಪರಿಣಾಮ ಬರಗಾಲದಲ್ಲಿ ಬಯಲಿಗೆ ಬರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಯಿತು. ಕೇಂದ್ರದ ನೆರವಿಗಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅಂದರೆ ಎಕರೆಗೆ 3,400. ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000. ಎರಡು ಹೆಕ್ಟೇರ್‌ವರೆಗೆ ಮಾತ್ರ. ಹಣ ಹೋದದ್ದು ಫ್ರೂಟ್ಸ್‌ನಲ್ಲಿ ನೋಂದಣಿಯಾದ ಮಾಲೀಕರ ಖಾತೆಗೆ. ಬೀಜ ಗೊಬ್ಬರಕ್ಕೆ ಸಾಲ ಮಾಡಿ, ಬೆಳೆ ಒಣಗುವುದನ್ನು ನೋಡಿದವನು ಲೀಜುದಾರ. ‘ಹೊಲ ಮಾಡಿದೋರು ನಾವು, ಪರಿಹಾರ ಬಂದದ್ದು ಗೌಡ್ರ ಖಾತೇಕ್ರೀ. ಕೇಳಾಕ ಹೋದ್ರ ಮುಂದಿನ ವರ್ಷ ಹೊಲಾನ ಕೊಡಂಗಿಲ್ಲ’ ಎಂದು ಕಾರಟಗಿ ಕಡೆಯ ಒಬ್ಬರು ನನ್ನೊಡನೆ ಹೇಳಿಕೊಂಡರು. ಬಂದದ್ದರಲ್ಲಿ ಅರ್ಧ ಕೊಟ್ಟ ಮಾಲೀಕರೂ ಇದ್ದಾರೆ. ಅದು ಅವರ ದೊಡ್ಡತನ. ಆದರೆ ಬರದ ಪರಿಹಾರ ಮಾಲೀಕರ ದೊಡ್ಡತನವನ್ನು ನಂಬಿಕೊಂಡು ಇರಬೇಕಾದದ್ದಲ್ಲ.

ಇಷ್ಟು ಹೊತ್ತು ಹೇಳಿದ್ದು ಕಣ್ಣಿಗೆ ಕಾಣುವ ಸಬ್ಸಿಡಿ. ಅದಕ್ಕಿಂತ ದೊಡ್ಡದು ಕಣ್ಣಿಗೆ ಕಾಣದ್ದು. ಅಂಗಡಿಯಲ್ಲಿ 45 ಕೆ.ಜಿ.ಯ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ ಕೊಡುತ್ತೇವೆ. 2023ರಲ್ಲಿ ಕೇಂದ್ರ ಸರ್ಕಾರವೇ ಹೇಳಿದಂತೆ ಆ ಚೀಲದ ನಿಜವಾದ ಬೆಲೆ ಸುಮಾರು 2,200 ರೂಪಾಯಿ. ಮಿಕ್ಕ ಸುಮಾರು 1,900 ರೂಪಾಯಿಯನ್ನು ಸರ್ಕಾರ ಗೊಬ್ಬರ ಕಂಪನಿಗೆ ಕೊಡುತ್ತದೆ. ಈಗ ಒಂದು ಲೆಕ್ಕ ಹಾಕೋಣ. ಗಂಗಾವತಿಯಲ್ಲಿ ಹತ್ತು ಎಕರೆ ಗದ್ದೆಯಿರುವವನು ಎಕರೆಗೆ ಎರಡೇ ಚೀಲದಂತೆ ಒಂದು ಬೆಳೆಗೆ ಇಪ್ಪತ್ತು ಚೀಲ ಹಾಕಿದ ಎನ್ನಿ. ಅವನ ಗದ್ದೆಗೆ ಬಂದ ಯೂರಿಯಾ ಸಬ್ಸಿಡಿಯೇ 38,000 ರೂಪಾಯಿ. ಎರಡು ಬೆಳೆಯಾದರೆ 76,000. ಕುಷ್ಟಗಿಯಲ್ಲಿ ಎರಡು ಎಕರೆ ಸಜ್ಜೆಗೆ ಒಂದು ಚೀಲ ಹಾಕುವವನಿಗೆ ಬಂದದ್ದು 1,900. ಪಿಎಂ ಕಿಸಾನ್‌ನ ಆರು ಸಾವಿರದಲ್ಲಿ ಇಬ್ಬರೂ ಸಮಾನರು. ಗೊಬ್ಬರದ ಚೀಲದಲ್ಲಿ ಒಬ್ಬನಿಗೆ ನಲವತ್ತು ಪಟ್ಟು. ಗದ್ದೆಯವನು ಇದರಲ್ಲಿ ಮೋಸ ಮಾಡಿದ್ದೇನಿಲ್ಲ. ಹೆಚ್ಚು ನೀರು, ಹೆಚ್ಚು ಗೊಬ್ಬರ ಬೇಡುವ ಬೆಳೆಗೆ ಹೆಚ್ಚು ಸಬ್ಸಿಡಿ ಹರಿಯುವಂತೆ ವ್ಯವಸ್ಥೆಯನ್ನು ಕಟ್ಟಿದ್ದೇವೆ. ಒಂದು ಮಾತು ಮಾತ್ರ ಇಲ್ಲಿ ಒಪ್ಪಬೇಕು. ಗೊಬ್ಬರಕ್ಕೆ ಪಹಣಿ ಕೇಳುವುದಿಲ್ಲ. ಅಂಗಡಿಯ ಯಂತ್ರದ ಮೇಲೆ ಬೆರಳಿಟ್ಟರೆ ಸಾಕು. ಹಾಗಾಗಿ ಲೀಜುದಾರನಿಗೂ ತಪ್ಪದೆ ಮುಟ್ಟುವ ದೊಡ್ಡ ಸಹಾಯ ಇದು.

ವಿದ್ಯುತ್ತಿನ ಕತೆಯೂ ಹೀಗೇ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಕರೆಂಟು ಉಚಿತ. ಇದಕ್ಕಾಗಿ ಸರ್ಕಾರ ವಿದ್ಯುತ್ ಕಂಪನಿಗಳಿಗೆ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗಿಂತ ಹೆಚ್ಚು ಕೊಡುತ್ತಿದೆ. ರಾಜ್ಯದ ಕೃಷಿ ಸಹಾಯಧನಗಳಲ್ಲಿ ಇಷ್ಟು ದೊಡ್ಡ ಮೊತ್ತ ಬೇರೆ ಸಿಗುವುದು ಕಷ್ಟ. ಇದು ಸಿಗಬೇಕಾದರೆ ಬೋರ್‌ವೆಲ್ ಇರಬೇಕು, ಬೋರಿನಲ್ಲಿ ನೀರಿರಬೇಕು. ಯಲಬುರ್ಗಾದ ಎರೆ ಹೊಲದಲ್ಲಿ ಹಿಂಗಾರಿ ಕಡಲೆ ಬಿತ್ತಿ ಇಬ್ಬನಿಯನ್ನು ನಂಬಿ ಕೂತವನಿಗೆ ಇದರಲ್ಲಿ ಒಂದು ಪೈಸೆಯೂ ಇಲ್ಲ. ಹನಿ ನೀರಾವರಿಗೆ ಶೇ. 90ರವರೆಗೆ ಸಹಾಯಧನವಿದೆ, ಅದಕ್ಕೂ ಮೊದಲು ನೀರಿನ ಮೂಲ ತೋರಿಸಬೇಕು. ಕಾಲುವೆ ನೀರು, ಉಚಿತ ಕರೆಂಟು ಇರುವ ಜಮೀನಿನ ಲೀಜಿನ ದರ ಒಣ ಭೂಮಿಗಿಂತ ಎಷ್ಟೋ ಪಟ್ಟು ಹೆಚ್ಚು. ಅಂದರೆ ಲೀಜುದಾರ ಆ ನೀರು, ಆ ಕರೆಂಟನ್ನು ಬಳಸಿದರೂ ಅದರ ಲಾಭ ಗೇಣಿಯ ರೂಪದಲ್ಲಿ ಮತ್ತೆ ಮಾಲೀಕನ ಮನೆಗೇ ಸೇರುತ್ತದೆ.

ಪಹಣಿ, ನೀರು ಆದ ಮೇಲೆ ಮೂರನೇ ಜರಡಿ ಕೈಯಲ್ಲಿರುವ ದುಡ್ಡು. ಕೃಷಿ ಯಂತ್ರಗಳಿಗೆ ಸಾಮಾನ್ಯ ವರ್ಗದವರಿಗೆ ಅರ್ಧ ಬೆಲೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇ. 90ರವರೆಗೆ ಸಹಾಯಧನ. ಅರ್ಧ ಸಬ್ಸಿಡಿ ಎಂದರೆ ಇನ್ನರ್ಧ ರೈತ ಮೊದಲೇ ಕಟ್ಟಬೇಕು. ಎರಡು ಎಕರೆಯವನ ಹತ್ತಿರ ರೋಟಾವೇಟರಿನ ಅರ್ಧ ಬೆಲೆ ಎಲ್ಲಿಂದ ಬರಬೇಕು? ಹಾಗಾಗಿ ರೈತ ಸಂಪರ್ಕ ಕೇಂದ್ರದ ಯಂತ್ರಗಳ ಪಟ್ಟಿಯಲ್ಲಿ ಅನುಕೂಲವಂತರ ಹೆಸರೇ ಮತ್ತೆ ಮತ್ತೆ ಕಾಣುತ್ತದೆ. ಅಧಿಕಾರಿಗಳನ್ನು ಬೈಯುವುದು ಸುಲಭ. ವರ್ಷದ ಕೊನೆಗೆ ಅವರು ಗುರಿ ಮುಟ್ಟಬೇಕು, ದುಡ್ಡು ಕಟ್ಟಬಲ್ಲವನೇ ಮುಂದೆ ಬರುತ್ತಾನೆ. ಸಹಕಾರ ಸಂಘದ ಬಡ್ಡಿರಹಿತ ಬೆಳೆ ಸಾಲವೂ ಇದೇ ದಾರಿ ಹಿಡಿದಿದೆ. ಅದರ ಮಿತಿಯನ್ನು 2023ರ ಬಜೆಟ್ಟಿನಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಎಕರೆ ಲೆಕ್ಕದಲ್ಲಿ ಕೊಡುವ ಸಾಲವಾದ್ದರಿಂದ ದೊಡ್ಡ ಹಿಡುವಳಿಗೆ ದೊಡ್ಡ ಸಾಲ, ದೊಡ್ಡ ಬಡ್ಡಿ ರಿಯಾಯಿತಿ. ಲೀಜುದಾರ ಸಾಲ ತರುವುದು ಗೊಬ್ಬರದ ಅಂಗಡಿಯಿಂದ, ದಲಾಲಿ ಅಂಗಡಿಯಿಂದ. ಅದಕ್ಕೆ ಬಡ್ಡಿಯೂ ಉಂಟು, ಬೆಳೆದ ಮಾಲನ್ನು ಅಲ್ಲಿಗೇ ಹಾಕಬೇಕೆಂಬ ಷರತ್ತೂ ಉಂಟು. 2017ರಲ್ಲೂ 2018ರಲ್ಲೂ ಸಾಲ ಮನ್ನಾ ಆದಾಗ ಮನ್ನಾ ಆದದ್ದು ಬ್ಯಾಂಕು, ಸಂಘದ ಸಾಲ. ಅಂಗಡಿಯ ಸಾಲ ಹಾಗೇ ಉಳಿಯಿತು.

ಇದನ್ನೆಲ್ಲ ಓದಿ ಸಬ್ಸಿಡಿಯನ್ನೇ ನಿಲ್ಲಿಸಿಬಿಡಿ ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಸರಿಯಾಗಿ ಗುರಿಯಿಟ್ಟ ಯೋಜನೆ ಒಣಬೇಸಾಯಕ್ಕೂ ಮುಟ್ಟುತ್ತದೆ ಎಂಬುದಕ್ಕೆ 2014ರಲ್ಲಿ ಬಂದ ಕೃಷಿ ಭಾಗ್ಯವೇ ಸಾಕ್ಷಿ. ಮಳೆಯಾಶ್ರಿತ ಹೊಲದಲ್ಲಿ ಹೊಂಡ ತೋಡಿ, ಹಾಳೆ ಹಾಸಿ, ಹರಿದು ಹೋಗುವ ನೀರನ್ನು ಹಿಡಿದಿಟ್ಟು, ಬೆಳೆ ಬಾಡುವ ಹೊತ್ತಿಗೆ ಒಂದೆರಡು ಸಲ ನೀರು ಕೊಡುವುದು ಅದರ ಆಲೋಚನೆ. ಶೇ. 80, ಪರಿಶಿಷ್ಟರಿಗೆ ಶೇ. 90 ಸಹಾಯಧನ. ಕುಷ್ಟಗಿ ಕಡೆ ಅಂಥ ಹೊಂಡದ ನೀರಿನಿಂದ ಒಂದು ಬೆಳೆ ಉಳಿಸಿಕೊಂಡವರ ಜೊತೆ ಕೂತು ಮಾತಾಡಿದ್ದೇನೆ. ಆ ಯೋಜನೆ ನಡುವೆ ನಿಂತುಹೋಗಿ ಮತ್ತೆ ಶುರುವಾಯಿತು. ಒಣ ಭೂಮಿಯ ಯೋಜನೆಗಳ ಪಾಡೇ ಇದು, ಬಜೆಟ್ಟು ಬಿಗಿಯಾದಾಗ ಮೊದಲು ನಿಲ್ಲುತ್ತವೆ. ಗೊಬ್ಬರದ, ಕರೆಂಟಿನ ಸಬ್ಸಿಡಿ ಒಂದು ವರ್ಷವೂ ನಿಂತದ್ದಿಲ್ಲ.

ಹಾಗೆಯೇ, ಮಾಲೀಕರಿಗೆ ಕೊಡುವುದೇ ತಪ್ಪೆಂದೂ ತೀರ್ಮಾನಿಸಬಾರದು. ದುಡಿಯಲಾಗದೆ ಎರಡು ಎಕರೆಯನ್ನು ಲೀಜಿಗೆ ಹಾಕಿ ಬದುಕುವ ವಿಧವೆಯೂ ಮಾಲೀಕಳೇ. ಕಾಲುವೆ ಸೀಮೆಯಲ್ಲಿ ಸಣ್ಣ ಹಿಡುವಳಿಗಳನ್ನು ಒಟ್ಟುಗೂಡಿಸಿ ನೂರಾರು ಎಕರೆ ಲೀಜು ಮಾಡುವ ಸ್ಥಿತಿವಂತರೂ ಇದ್ದಾರೆ. ಆದ್ದರಿಂದ ಒಬ್ಬರ ಹೆಸರು ಹೊಡೆದು ಇನ್ನೊಬ್ಬರ ಹೆಸರು ಬರೆದರೆ ನ್ಯಾಯವಾಗುವುದಿಲ್ಲ. ಮಾಡಬೇಕಾದದ್ದು ಎರಡನ್ನು ಬೇರ್ಪಡಿಸುವುದು. ಜಮೀನಿನ ಹಕ್ಕು ಮಾಲೀಕರದು, ಅದು ಅವರಲ್ಲೇ ಇರಲಿ. ಬೆಳೆಗೆ ಸಂಬಂಧಿಸಿದ ವಿಮೆ, ಪರಿಹಾರ, ಬೆಳೆ ಸಾಲ ಆ ಹಂಗಾಮಿನಲ್ಲಿ ಬೆಳೆದವರಿಗೆ ಸೇರಲಿ.

ಇದು ಆಗದ ಮಾತಲ್ಲ. ಆಂಧ್ರಪ್ರದೇಶ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾನೂನು ಮಾಡಿ, ಮಾಲೀಕತ್ವಕ್ಕೆ ಧಕ್ಕೆಯಾಗದಂತೆ 11 ತಿಂಗಳ ಕಾರ್ಡು ಕೊಡತೊಡಗಿತು. ಮಾಲೀಕರ ಸಹಿ ಬೇಕಾದ್ದರಿಂದ ಅದು ಎಲ್ಲರಿಗೂ ಸಿಕ್ಕಿಲ್ಲ, ಆದರೂ ದಾರಿ ತೆರೆದಿದೆ. ಒಡಿಶಾದ ಕಾಲಿಯಾ ಯೋಜನೆ ಭೂರಹಿತ ಕುಟುಂಬಗಳಿಗೂ 12,500 ರೂಪಾಯಿಯ ನೆರವು ಇಟ್ಟಿತು. ನಮ್ಮಲ್ಲಂತೂ ಬೇಕಾದ ಸಾಧನ ಆಗಲೇ ಕೈಯಲ್ಲಿದೆ. ಪ್ರತಿ ಹಂಗಾಮಿನಲ್ಲಿ ಬೆಳೆ ಸಮೀಕ್ಷೆ ನಡೆಯುತ್ತದೆ. ಹೊಲಕ್ಕೇ ಹೋಗಿ, ಮೊಬೈಲ್ ಆ್ಯಪಿನಲ್ಲಿ ಫೋಟೊ ತೆಗೆದು, ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಎಂದು ದಾಖಲಿಸುತ್ತಾರೆ. ಅದೇ ಹೊತ್ತಿಗೆ, ಈ ಹಂಗಾಮಿನಲ್ಲಿ ಇದನ್ನು ಬೆಳೆದವರು ಯಾರು ಎಂಬ ಒಂದು ಪ್ರಶ್ನೆಯನ್ನೂ ಸೇರಿಸಲಿ. ಈ ದಾಖಲೆಯಿಂದ ಯಾರಿಗೂ ಜಮೀನಿನ ಮೇಲೆ ಹಕ್ಕು ಹುಟ್ಟುವುದಿಲ್ಲವೆಂದು ವಿಧಾನಸಭೆ ಕಾನೂನಿನಲ್ಲೇ ಬರೆಯಲಿ. ಮಾಲೀಕರ ಹೆದರಿಕೆ ಹೋಗುತ್ತದೆ, ಹನ್ನೆರಡನೇ ಕಾಲಂಗೆ ಜೀವ ಬರುತ್ತದೆ.

ಓದುಗರು ತಮ್ಮ ಮಟ್ಟದಲ್ಲಿ ಮಾಡಬಹುದಾದದ್ದೂ ಇದೆ. ತೀರಿಹೋದವರ ಹೆಸರಿನಲ್ಲಿ ಉತಾರ ಇದ್ದರೆ ಈ ವರ್ಷವೇ ಪೌತಿ ಖಾತೆಗೆ ಅರ್ಜಿ ಕೊಡಿ, ಮನೆಯ ಹೆಣ್ಣುಮಕ್ಕಳ ಹೆಸರನ್ನು ಅದರಲ್ಲಿ ಬಿಡಬೇಡಿ. ಫ್ರೂಟ್ಸ್ ನೋಂದಣಿಯಲ್ಲಿ ನಿಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಬೆಳೆ ತಪ್ಪಾಗಿ ದಾಖಲಾಗಿದ್ದರೆ ಕಾಲಮಿತಿಯೊಳಗೆ ಆಕ್ಷೇಪಣೆ ಸಲ್ಲಿಸಿ. ವಿಮೆ, ಪರಿಹಾರ ಎರಡೂ ಅದರ ಮೇಲೆಯೇ ನಿಂತಿವೆ. ಪಿಎಂ ಕಿಸಾನ್ ಫಲಾನುಭವಿಗಳ ಪಟ್ಟಿ ಹಳ್ಳಿವಾರು ಎಲ್ಲರೂ ನೋಡಬಹುದಾದಂತೆ ಇದೆ. ಯಂತ್ರ, ಹನಿ ನೀರಾವರಿ, ಕೃಷಿ ಹೊಂಡ, ಗಂಗಾ ಕಲ್ಯಾಣ ಬೋರ್‌ವೆಲ್‌ಗಳ ಪಟ್ಟಿಯನ್ನೂ ಹಾಗೇ ಗ್ರಾಮಸಭೆಯಲ್ಲಿ ಓದಬೇಕೆಂದು ಕೇಳಿ. ಊರಿನವರ ಮುಂದೆ ಹೆಸರು ಓದಿದರೆ ಯಾರಿಗೆ ಹೊಲವಿದೆ, ಯಾರು ಉಳುತ್ತಾರೆ, ಯಾರಿಗೆ ಮೂರನೇ ಸಲ ಸಿಕ್ಕಿದೆ ಎಂಬುದು ಯಾವ ಕಂಪ್ಯೂಟರಿಗಿಂತ ಚೆನ್ನಾಗಿ ಅಲ್ಲಿದ್ದವರಿಗೆ ಗೊತ್ತಾಗುತ್ತದೆ.

ಸಹಾಯಧನ ಯಾರ ಖಾತೆಗೆ ಹೋಗುತ್ತದೆ ಎಂದು ಕೇಳಿದವರಿಗೆ ನನ್ನ ಉತ್ತರ ಇಷ್ಟು: ದಾಖಲೆ, ನೀರು, ಮುಂಗಡ ಹಣ ಮೂರೂ ಇದ್ದವರಿಗೆ ಹೆಚ್ಚು, ಒಂದೇ ಇದ್ದವರಿಗೆ ಸ್ವಲ್ಪ, ಮೂರೂ ಇಲ್ಲದವರಿಗೆ ಗೊಬ್ಬರದ ಚೀಲದಲ್ಲಿ ಬರುವಷ್ಟು. ಈ ಕ್ರಮವನ್ನು ಯಾರೂ ಬೇಕೆಂದು ಮಾಡಲಿಲ್ಲ, ಒಂದೊಂದು ಯೋಜನೆ ಸೇರಿ ಹೀಗಾಯಿತು. ಬದಲಿಸುವುದನ್ನಾದರೂ ಬೇಕೆಂದೇ ಮಾಡಬೇಕು. 1974ರಲ್ಲಿ ಈ ರಾಜ್ಯ ಉಳುವವರ ಹೆಸರನ್ನು ಹುಡುಕಿ ಬರೆದುಕೊಂಡಿತ್ತು. ಇಂದು ಉಳುತ್ತಿರುವವರ ಹೆಸರನ್ನೂ ಬರೆದುಕೊಳ್ಳುವ ಶಕ್ತಿ ಅದಕ್ಕಿದೆ. ಮುಂದಿನ ಬೆಳೆ ಸಮೀಕ್ಷೆಯಿಂದಲೇ ಆ ಕೆಲಸ ಶುರುವಾಗಬೇಕೆಂದು ನಮ್ಮ ಶಾಸಕರನ್ನು ನಾವು ಕೇಳೋಣ.